ಹೇಡನ್ ಮನೆತನದ ಪುಟ

೧೯೨೧ರ ಸೆಪ್ಟೆಂಬರ್ ಒಂಬತ್ತರಂದು, ಟಾರ್ಬೆಟ್ ಊರಿನಲ್ಲಿದ್ದ ಮೂವತ್ತೆಂಟು ಮಂದಿ ಕಪ್ಪು ಜನರನ್ನು ಚಿಪ್ಪು ಸಾಗಿಸುವ ದೋಣಿಗೆ ಹತ್ತಿಸಿ ನದಿಯ ಆಚೆ ದಡಕ್ಕೆ ಬಿಡಲಾಯಿತು. ಅವರ ಒಂಬತ್ತು ಮನೆಗಳಿಗೆ ಅದೇ ವಾರ ಬೇರೆಯವರು ಬಂದು ಸೇರಿಕೊಂಡರು.

ತೊಂಬತ್ತೇಳು ವರ್ಷಗಳ ಮೇಲೆ, ಏಪ್ರಿಲ್‌ನ ಒಂದು ಶುಕ್ರವಾರ, ಅದೇ ಊರಿನ ಕೌಂಟಿ ಕಚೇರಿಯ ಕೌಂಟರ್ ಮೇಲೆ ಒಬ್ಬ ಎತ್ತರದ ಮನುಷ್ಯ ಅರ್ಜಿಯೊಂದನ್ನು ಇಟ್ಟ.

ಜನ ಮತ ಹಾಕಿ ಆರಿಸಿದ ಕೌಂಟಿ ಗುಮಾಸ್ತೆ ಕೋರಿನ್ ಟೀಮನ್ ಅದನ್ನು ಓದಿದಳು. ತಲೆಯೆತ್ತಿದಳು.

“ಹೇಡನ್? ಕ್ಷಮಿಸಿ, ಆ ಹೆಸರಿನವರು ಟಾರ್ಬೆಟ್‌ನಲ್ಲಿ ಯಾರೂ ಇರಲಿಲ್ಲ.”

“ಯಾರು ಹೇಳಿದ್ದು?”

“ನಾನು ಹುಟ್ಟಿ ಬೆಳೆದದ್ದೇ ಇಲ್ಲಿ.”

“ನಮ್ಮ ಮುತ್ತಜ್ಜಿನೂ ಇಲ್ಲೇ ಹುಟ್ಟಿ ಬೆಳೆದದ್ದು. ಅವಳನ್ನ ಹೊರಗೆ ಹಾಕಿದ್ರು. ನಿಮ್ಮನ್ನ ಹಾಕಲಿಲ್ಲ. ಅಷ್ಟೇ ವ್ಯತ್ಯಾಸ.”

ಕೋರಿನ್‌ಗೆ ಕೆನ್ನೆಗೆ ಹೊಡೆದ ಹಾಗಾಯಿತು. ಎಂಥ ಮಾತು! ಎಷ್ಟು ಸೊಕ್ಕು ಇವನಿಗೆ!

ಆದರೆ ಆ ಕಣ್ಣುಗಳಲ್ಲಿ ಸೊಕ್ಕಿರಲಿಲ್ಲ. ಎಷ್ಟೋ ಕಚೇರಿಗಳಲ್ಲಿ ಇದೇ ಮಾತು ಹೇಳಿ ಹೇಳಿ ಬಂದ ದಣಿವಿತ್ತು. ಕೌಂಟರಿನ ಮೇಲೆ ಊರಿದ ಬೆರಳುಗಳ ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಗ್ರೀಸು. ಟೆರೆನ್ಸ್ ಹೇಡನ್, ಪಿಯೋರಿಯಾದ ಸಿಟಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್.

ಅವನು ಕೇಳಿದ್ದು ಒಂದೇ ಒಂದು ಪುಟ.

ಟಾರ್ಬೆಟ್‌ಗೆ ಆ ವರ್ಷ ನೂರ ಎಪ್ಪತ್ತೈದು ತುಂಬುತ್ತಿತ್ತು. ಊರಿನ ಜನಸಂಖ್ಯೆ ನಾನೂರ ಹನ್ನೆರಡು. ಆದರೂ ಕೌಂಟಿಯ, ಅಂದರೆ ಜಿಲ್ಲೆಯ, ಮುಖ್ಯ ಊರು ಎಂಬ ಗತ್ತು! ಇತಿಹಾಸದ ಪುಸ್ತಕ ತರಲು ಸಮಿತಿಯಾಗಿತ್ತು. ಇಲ್ಲಿನ ವಾಡಿಕೆಯಂತೆ ಪ್ರತಿ ಮನೆತನ ತನ್ನ ಪುಟವನ್ನು ತಾನೇ ಬರೆದುಕೊಡುತ್ತದೆ, ಸಮಿತಿ ಅದನ್ನು ತಿದ್ದದೆ ಅಚ್ಚು ಹಾಕುತ್ತದೆ. ಹಾಗಾಗಿ ಕುಡಿದು ಹೆಂಡತಿಯನ್ನು ಬಡಿಯುತ್ತಿದ್ದವನೂ ಆ ಪುಸ್ತಕದಲ್ಲಿ ಶ್ರಮಜೀವಿ, ನೆರೆಯವನ ಹೊಲ ನುಂಗಿದವನೂ ದೈವಭಕ್ತ. ಓಡಿಸಲ್ಪಟ್ಟವರ ಪುಟ ಬರೆಯಲು ಊರಿನಲ್ಲಿ ಯಾರೂ ಉಳಿದಿರಲಿಲ್ಲ.

“ಊರು ಬಿಟ್ಟುಹೋದ ಮನೆತನಕ್ಕೂ ಪುಟ ಇದೆ,” ಕೋರಿನ್ ನಿಯಮ ಓದಿ ಹೇಳಿದಳು. “ಆದ್ರೆ ಹುಟ್ಟು, ಮದುವೆ, ಸಾವು... ಯಾವುದಾದ್ರೂ ಒಂದು ನಮ್ಮ ರಿಜಿಸ್ಟರಿನಲ್ಲಿ ದಾಖಲಾಗಿರಬೇಕು. ಅದರ ನಕಲಿಗೆ ನನ್ನ ಮುದ್ರೆ ಬೀಳಬೇಕು.”

“ಹಾಗಾದ್ರೆ ಹುಡುಕಿ.”

ಪಕ್ಕದ ಮೇಜಿನಿಂದ ಗ್ಲೆನ್ನಾ ಕನ್ನಡಕ ಜಾರಿಸಿಕೊಂಡು ನೋಡಿದಳು. ನಲವತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತ ಹೆಂಗಸು ಅವಳು.

“ಮದುವೆ ಲೈಸೆನ್ಸ್‌ಗೂ ಇದೇ ಕೌಂಟರ್ ಕಣಪ್ಪ,” ಎಂದಳು. “ಹಾಗೆ ದುರುಗುಟ್ಟಿಕೊಂಡು ನಿಂತ್ರೆ ನಂಗೆ ಯಾವ ಫಾರಂ ಕೊಡ್ಬೇಕೋ ಗೊತ್ತಾಗಲ್ಲ.”

ಟೆರೆನ್ಸ್ ಮೊದಲ ಸಲ ನಕ್ಕ. ಕೋರಿನ್ ಕಿವಿ ಕೆಂಪಾಯಿತು.

ಆಮೇಲೆ ಪ್ರತಿ ಶುಕ್ರವಾರ ಅವನು ಬಂದ. ಅದು ಅವನ ರಜೆಯ ದಿನ. ನೆಲಮಾಳಿಗೆಯ ಕಬ್ಬಿಣದ ಕಪಾಟುಗಳ ನಡುವೆ ಇಬ್ಬರೂ ಹುಟ್ಟು-ಮದುವೆಯ ರಿಜಿಸ್ಟರು, ಶಾಲೆಯ ಹಾಜರಿ ಪುಸ್ತಕ, ಮತದಾರರ ಪಟ್ಟಿ ತಿರುವಿದರು. ಎಷ್ಟೋ ಹಾಳೆಗಳನ್ನು ಬ್ಲೇಡಿನಿಂದ ಕೊಯ್ದು ತೆಗೆದಿದ್ದರು.

“ಇದನ್ನ ನೋಡು,” ಒಂದು ದಿನ ಕೋರಿನ್ ಜನಗಣತಿಯ ಅಂಕಿಗಳನ್ನು ಮುಂದಿಟ್ಟಳು. ಅಷ್ಟು ಹೊತ್ತಿಗೆ ‘ನೀವು’ ಹೋಗಿ ‘ನೀನು’ ಬಂದಿತ್ತು. “೧೯೨೦ರಲ್ಲಿ ಸಾವಿರದ ಇನ್ನೂರ ಆರು. ಅದರಲ್ಲಿ ಕಪ್ಪು ಜನ ಮೂವತ್ತೆಂಟು. ೧೯೩೦ರಲ್ಲಿ ಸೊನ್ನೆ. ಸಮಿತಿ ನಡೆಸೋ ನಮ್ಮ ದೊಡ್ಡಪ್ಪ ಪುಸ್ತಕದಲ್ಲಿ ಏನು ಬರೆದಿದ್ದಾರೆ ಗೊತ್ತಾ? ಗುಂಡಿ ಕಾರ್ಖಾನೆ ಮುಚ್ಚಿದ್ದರಿಂದ ಕೆಲವು ಕುಟುಂಬಗಳು ಬೇರೆಡೆ ನೆಲೆ ಕಂಡುಕೊಂಡವು, ಅಂತ.”

“ಕಾರ್ಖಾನೆ ಮುಚ್ಚಿದ್ದು ಯಾವಾಗ?”

“ಮೂವತ್ತನಾಲ್ಕರಲ್ಲಿ.”

ಟೆರೆನ್ಸ್ ಆ ಸೊನ್ನೆಯ ಮೇಲೆ ಬೆರಳಿಟ್ಟ.

ಆ ಕಾರ್ಖಾನೆಯಲ್ಲಿ ನದಿಯ ಚಿಪ್ಪು ಕೊರೆದು ಅಂಗಿಯ ಗುಂಡಿ ಮಾಡುತ್ತಿದ್ದರು. ಇವತ್ತಿಗೂ ಟಾರ್ಬೆಟ್‌ನಲ್ಲಿ ಹೂವಿನ ಪಾತಿ ಅಗೆದರೆ ದುಂಡು ತೂತುಗಳ ಚಿಪ್ಪು ಸಿಗುತ್ತದೆ. ಕೋರಿನ್ ಚಿಕ್ಕಂದಿನಲ್ಲಿ ಅವನ್ನು ದಾರದಲ್ಲಿ ಪೋಣಿಸಿ ಆಡಿದ್ದಳು. ಕೊರೆದ ಕೈ ಯಾರದೆಂದು ಒಮ್ಮೆಯೂ ಕೇಳಿರಲಿಲ್ಲ.

“ಒಡೆಸ್ಸಾ ಮುತ್ತಜ್ಜಿ ನಂಗೆ ಹತ್ತು ವರ್ಷ ಆಗೋವರೆಗೂ ಇದ್ಲು,” ಟೆರೆನ್ಸ್ ಹೇಳಿದ. “ಆ ದಿನ ಅವಳ ತೋಳಲ್ಲಿ ಒಂಬತ್ತು ದಿನದ ಕೂಸಿತ್ತು. ಲೆನೋರಾ ಅಂತ. ದೋಣಿ ತುಂಬಿ ತುಳುಕ್ತಿತ್ತಂತೆ. ದಡದಿಂದ ಕಲ್ಲು ಬಂತು. ನೂಕುನುಗ್ಗಲು ಆಯ್ತು. ಕೂಸು ನೀರಿಗೆ ಬಿತ್ತು. ಯಾರೋ ಎತ್ತಿದ್ರು. ದಡದಲ್ಲಿ ಒಬ್ಬ ಡಾಕ್ಟರು ನಿಂತಿದ್ದ, ಚೀಲ ಕೈಯಲ್ಲೇ ಇತ್ತು. ಇವಳು ಕೂಗಿ ಕರೆದಳು. ಅವನು ಬರಲಿಲ್ಲ. ಕೂಸು ಅಲ್ಲೇ ಹೋಯ್ತು.”

ಕೋರಿನ್ ಕೈಯಲ್ಲಿದ್ದ ಪುಸ್ತಕ ಮುಚ್ಚಿದಳು.

“ಒಂಬತ್ತು ದಿನದ ಕೂಸು, ಕೋರಿನ್! ನಮ್ಮ ತಾತನಿಗೆ ಅಕ್ಕ ಅದು.”

ಅವಳು ಗ್ರೀಸು ಕೂತ ಆ ಬೆರಳುಗಳ ಮೇಲೆ ತನ್ನ ಕೈ ಇಟ್ಟಳು. ಅವನು ಕೈ ಹಿಂತೆಗೆಯಲಿಲ್ಲ.

ಮೂವತ್ತಾರು ವರ್ಷಕ್ಕೆ ಹೀಗೂ ಆಗುತ್ತದಾ! ಗುರುವಾರ ಬಂದರೆ ಎದೆ ಯಾಕೆ ಹೀಗೆ ಹಗುರಾಗುತ್ತದೆ? ಇಂಥ ದುಃಖದ ಜಾಗದಲ್ಲಿ ನಿಂತು ಖುಷಿಪಡುವುದಕ್ಕೆ ನಾಚಿಕೆಯಾಗಬೇಡವೇ ನನಗೆ?

ಮುಂದಿನ ಸೋಮವಾರ ಅವಳಿಗೆ ಅದು ಸಿಕ್ಕಿತು. ಸಾವಿನ ರಿಜಿಸ್ಟರು, ಪುಟ ನೂರ ನಾಲ್ಕು.

‘ಹೇಡನ್, ಹೆಣ್ಣು ಕೂಸು. ವಯಸ್ಸು ಒಂಬತ್ತು ದಿನ. ವಾಸ: ಟಾರ್ಬೆಟ್. ಸಾವಿನ ಕಾರಣ: ಜ್ವರ.’

ಕೆಳಗೆ ಸಹಿ: ಡಾಕ್ಟರ್ ಹೈನ್‌ರಿಖ್ ಟೀಮನ್.

ಕೋರಿನ್‌ಳ ಮುತ್ತಜ್ಜ! ಕಚೇರಿಯ ಮೊಗಸಾಲೆಯಲ್ಲಿ ಚೌಕಟ್ಟು ಹಾಕಿ ತೂಗುಬಿಟ್ಟ ಪಟದಲ್ಲಿರುವ, ಊರಿಗೆ ಊರೇ ಪುಣ್ಯಾತ್ಮ ಎನ್ನುವ ಡಾಕ್ಟರು!

ಅವನು ದಡದಲ್ಲೂ ನಿಂತಿದ್ದ. ಆಮೇಲೆ ಬಂದು ಜ್ವರ ಎಂದೂ ಬರೆದ.

ಅವಳು ಗುರುತಿಗೊಂದು ಚೀಟಿ ಇಟ್ಟು, ಅಭ್ಯಾಸಬಲದಿಂದ ತಾರೀಕು ಬರೆದು, ರಿಜಿಸ್ಟರನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿದಳು.

ಈ ಶುಕ್ರವಾರ ಹೇಳುತ್ತೇನೆ, ಅಂದುಕೊಂಡಳು. ಶುಕ್ರವಾರ ಅವನು ತಾಯಿ ಮಾಡಿದ ಗೆಣಸಿನ ಕಡುಬು ತಂದಿದ್ದ. ನಾಲಿಗೆ ಏಳಲಿಲ್ಲ. ಮುಂದಿನ ಶುಕ್ರವಾರ... ಆಗಲೂ ಇಲ್ಲ. ಹೇಳಿದರೆ ನನ್ನ ಮುಖದಲ್ಲಿ ಇವನಿಗೆ ಆ ಡಾಕ್ಟರೇ ಕಾಣುತ್ತಾನಲ್ಲ... ದೇವರೇ!

ಮೂರನೇ ವಾರ ಟೆರೆನ್ಸ್ ಬುಧವಾರವೇ ಬಂದ. ಕೋರಿನ್ ಊಟಕ್ಕೆ ಹೋಗಿದ್ದಳು. ಅವನು ಸಾವಿನ ರಿಜಿಸ್ಟರು ಕೇಳಿದ; ಯಾರು ಬೇಕಾದರೂ ನೋಡಬಹುದಾದದ್ದು ಅದು. ಗ್ಲೆನ್ನಾ ಬೀಗ ತೆಗೆದುಕೊಟ್ಟಳು.

ಕೋರಿನ್ ಮರಳಿದಾಗ ಅವನು ಚೀಟಿ ಹಿಡಿದು ನಿಂತಿದ್ದ.

“ಇದು ನಿನ್ನ ಅಕ್ಷರ.”

“ಟೆರೆನ್ಸ್...”

“ತಾರೀಕೂ ಹಾಕಿದೀಯ. ಹದಿನಾರು ದಿನ! ಹದಿನಾರು ದಿನ ನನ್ನ ಜೊತೆ ಕೂತು ಖಾಲಿ ಪುಸ್ತಕ ತಿರುವಿದೀಯ. ಹುಡುಕೋ ಹಾಗೆ ನಾಟಕ ಆಡಿದೀಯ!”

“ನಂಗೆ ಭಯ ಆಯ್ತು.”

“ಯಾರ ಭಯ? ಗೋಡೆ ಮೇಲೆ ತೂಗ್ತಿರೋ ಆ ಗಡ್ಡದವನದಾ? ನಿಮ್ಮ ಮನೆತನದ ಮರ್ಯಾದೆ ಕಾಯೋಕೆ ನಮ್ಮ ಕೂಸು ಕಪಾಟಲ್ಲಿ ಬಿದ್ದಿರಬೇಕು ಅಲ್ವಾ? ಜ್ವರವಂತೆ! ಜ್ವರ!”

“ನಿನ್ನನ್ನ ಕಳಕೊಳ್ಳೋ ಭಯ...”

ಆ ಮಾತು ಮುಗಿಯುವಷ್ಟರಲ್ಲಿ ಅವನು ಕಚೇರಿಯ ಹೊರಮೆಟ್ಟಿಲು ಇಳಿದಾಗಿತ್ತು.

“ನಂದೇ ತಪ್ಪೇನೇ?” ಗ್ಲೆನ್ನಾ ಮೆಲ್ಲಗೆ ಕೇಳಿದಳು.

“ಇಲ್ಲ. ನೀನು ನಿನ್ನ ಕೆಲಸ ಮಾಡ್ದೆ. ನಾನೇ ಮಾಡಲಿಲ್ಲ.”

ನಾಲ್ಕು ಶುಕ್ರವಾರ ಖಾಲಿ ಹೋದವು. ಅವನು ಫೋನು ಎತ್ತಲಿಲ್ಲ. ಕೋರಿನ್ ಅಳುತ್ತ ಕೂರಲೂ ಇಲ್ಲ. ತಾನು ಅತ್ತರೆ ಊರಿನವರು ಸಮಾಧಾನ ಮಾಡಲು ಕಡುಬು ತರುತ್ತಾರೆ. ಒಡೆಸ್ಸಾ ಅತ್ತಾಗ ಕಲ್ಲು ಬಿದ್ದಿತ್ತು. ಕೋರಿನ್ ಕೂತು ಮೂವತ್ತೆಂಟು ಹೆಸರುಗಳನ್ನೂ ಗಣತಿಯ ಹಾಳೆಯಿಂದ ಎತ್ತಿ ಬರೆದಳು. ರಿಜಿಸ್ಟರಿನ ಮಾತನ್ನು ಬರೆದಳು, ಅದರ ಕೆಳಗೆ ಒಡೆಸ್ಸಾ ಹೇಳಿದ್ದನ್ನು ಬರೆದಳು, ಡಾಕ್ಟರ ಹೆಸರನ್ನೂ ಬರೆದಳು. ಆ ಹಾಳೆಯನ್ನು ಪಿಯೋರಿಯಾಗೆ ಅಂಚೆಯಲ್ಲಿ ಹಾಕಿದಳು. ಜೊತೆಗೆ ಎರಡೇ ಸಾಲು:

‘ನಾನು ಬಚ್ಚಿಟ್ಟದ್ದು ನಿಜ, ಅದಕ್ಕೆ ನೆಪವಿಲ್ಲ. ಪುಟ ನಿನ್ನದು, ತಿದ್ದಿ ಸಹಿ ಹಾಕಿಕೊಡು... ಪುಸ್ತಕ ಸೋಮವಾರ ಅಚ್ಚಿಗೆ ಹೋಗುತ್ತದೆ.’

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯಿತು. ಟೆರೆನ್ಸ್! ಕೈಯಲ್ಲಿ ಅದೇ ಹಾಳೆ. ಕೆಳಗೆ ಸಹಿ ಇತ್ತು.

“ಒಂದು ಕಡೆ ತಿದ್ದಿದೀನಿ,” ಎಂದ ಅವನು, ಅದನ್ನು ಕೌಂಟರಿನ ಮೇಲಿಟ್ಟು, ಅವಳ ಮುಖ ನೋಡದೆ. “‘ಹೆಣ್ಣು ಕೂಸು’ ಅಂತಿದ್ದ ಕಡೆ ಲೆನೋರಾ ಅಂತ ಬರೆದೆ.”

“ಸರಿ.”

“ನಿನ್ನ ಮುತ್ತಜ್ಜನ ಹೆಸರು ನೀನೇ ಹಾಕಿದೀಯಲ್ಲ... ನಾನು ಕೇಳಿರಲಿಲ್ಲ.”

“ನೀನು ಯಾಕೆ ಕೇಳ್ಬೇಕು? ಹೇಳಬೇಕಾದವಳು ನಾನು. ಹದಿನಾರು ದಿನ ತಡ ಮಾಡ್ದೆ.”

“ಕ್ಷಮಿಸೋಕೆ ಇನ್ನೂ ಆಗಿಲ್ಲ ಕೋರಿನ್.”

“ಬೇಡ. ಅವಸರ ಇಲ್ಲ.”

“ಆದ್ರೆ ಶುಕ್ರವಾರ ಬಂದ್ರೆ ಕಾಲು ನಿಲ್ಲಲ್ಲ ಕಣೇ! ಕಾರು ತೆಗಿತೀನಿ, ಅರ್ಧ ದಾರಿ ಬಂದು ತಿರುಗಿಸ್ತೀನಿ. ನಾಲ್ಕು ವಾರದಿಂದ ಇದೇ ಹುಚ್ಚು. ನಿನ್ನ ಮೇಲೆ ಸಿಟ್ಟೂ ಇದೆ, ನೀನಿಲ್ದೆ ಆಗೋದೂ ಇಲ್ಲ. ಏನ್ ಮಾಡ್ಲಿ ಹೇಳು?”

ಕೋರಿನ್ ಕೌಂಟರಿನ ಮೇಲಿಂದ ಕೈ ಚಾಚಿದಳು. ಅವನು ಹಿಡಿದುಕೊಂಡ. ಬಿಗಿಯಾಗಿ, ನೋಯುವಷ್ಟು.

“ಸಿಟ್ಟನ್ನೂ ಕರ್ಕೊಂಡು ಬಾ,” ಎಂದಳು ಅವಳು. ಕಣ್ಣು ತುಂಬಿತ್ತು. “ಮೂವರೂ ಇರೋಣ.”

“ಕೋರಿನ್!”

ಬಾಗಿಲಲ್ಲಿ ವರ್ನ್ ದೊಡ್ಡಪ್ಪ ನಿಂತಿದ್ದರು. ಕೌಂಟಿ ಮಂಡಳಿಯ ಅಧ್ಯಕ್ಷರು, ಪುಸ್ತಕ ಸಮಿತಿಯ ಯಜಮಾನರು. ಊರಿನ ಪುಟಗಳ ಕಟ್ಟು ಕಂಕುಳಲ್ಲಿತ್ತು. ಬಂದವರೇ ಕೌಂಟರಿನ ಮೇಲಿನ ಹಾಳೆ ಎತ್ತಿ ಓದಿದರು. ಮುಖ ಕೆಂಡದಂತಾಯಿತು.

“ಇದೇನಿದು? ನಿನ್ನ ಮುತ್ತಜ್ಜನ ಹೆಸರು ಇದರಲ್ಲಿ!”

“ಸಹಿ ಅವರದೇ, ದೊಡ್ಡಪ್ಪ. ನಾನು ಹಾಕಿದ್ದಲ್ಲ.”

“ನೂರು ವರ್ಷದ ಮಾತು! ಸತ್ತೋರನ್ನ ಯಾಕೆ ಎಬ್ಬಿಸ್ತೀಯ?”

“ಅವರ ಮನೆಗಳಲ್ಲಿ ಬದುಕಿರೋರು ಮಲಗಿದಾರಲ್ಲ, ಅದಕ್ಕೆ.”

ಗ್ಲೆನ್ನಾ ಟೈಪು ಮಾಡುವುದನ್ನು ನಿಲ್ಲಿಸಿದಳು.

“ಮಿಸ್ಟರ್ ಟೀಮನ್,” ಟೆರೆನ್ಸ್ ಹೇಳಿದ, ದನಿ ಏರಿಸದೆ, “ನಿಯಮ ಬರೆದದ್ದು ನೀವೇ. ರಿಜಿಸ್ಟರಿನಲ್ಲಿ ಒಂದು ಸಾವಿದ್ರೆ ಸಾಕು ಅಂತ. ನಮ್ಮದು ಒಂದು ಸಾವಿದೆ.”

ದೊಡ್ಡಪ್ಪ ಅವನತ್ತ ತಿರುಗಲೂ ಇಲ್ಲ. ಅವನು ಅಲ್ಲಿ ನಿಂತೇ ಇಲ್ಲವೆಂಬಂತೆ ಕೋರಿನ್‌ಗೇ ಹೇಳಿದರು.

“ನಿನ್ನ ಮುದ್ರೆ ಬೀಳದೆ ಇದು ಪುಸ್ತಕ ಸೇರಲ್ಲ. ಹನ್ನೊಂದಕ್ಕೆ ಅಚ್ಚಿನವನು ಬರ್ತಾನೆ. ಅಲ್ಲೀವರೆಗೆ ಸುಮ್ಮನಿದ್ರೆ ಸಾಕು ನೀನು. ಇಲ್ಲಾಂದ್ರೆ ಬರೋ ಚುನಾವಣೇಲಿ ಈ ಕುರ್ಚಿ ನಿಂದಲ್ಲ. ಕ್ರಿಸ್‌ಮಸ್ ಊಟಕ್ಕೆ ನಮ್ಮ ಮನೆ ಬಾಗಿಲೂ ನಿಂದಲ್ಲ. ನಿಮ್ಮಪ್ಪ ಸತ್ತ ಮೇಲೆ ನಿನ್ನನ್ನ ಸಾಕಿದ್ದು ಯಾರು ಅಂತ ನೆನಪಿದೆಯಾ?”

ನೆನಪಿತ್ತು. ಸೈಕಲ್ ಕಲಿಸಿದ್ದು ಇವರೇ. ಜ್ವರ ಬಂದಾಗ ಹಾಸಿಗೆ ಪಕ್ಕ ಕೂತವರು ಇವರೇ. ಅದೂ ನಿಜ, ಇದೂ ನಿಜ... ಅವಳ ಎದೆ ಸೀಳಿ ಎರಡಾಯಿತು.

ಆದರೂ ಎಡಗೈ ಟೆರೆನ್ಸ್‌ನ ಕೈಯಲ್ಲೇ ಇತ್ತು. ಬಲಗೈಯಿಂದ ಅವಳು ಮುದ್ರೆಯ ಯಂತ್ರವನ್ನು ಹತ್ತಿರ ಎಳೆದುಕೊಂಡಳು. ಗ್ಲೆನ್ನಾ ಎದ್ದು ಬಂದು, ಸಾವಿನ ದಾಖಲೆಯ ನಕಲನ್ನು ಅದರ ಬಾಯಿಗೆ ಸೇರಿಸಿದಳು.

“ಕೊನೇ ಸಲ ಹೇಳ್ತಿದೀನಿ,” ಎಂದರು ದೊಡ್ಡಪ್ಪ. “ಅವನ ಕೈ ಬಿಡು. ಆ ಮುದ್ರೆಯನ್ನೂ ಬಿಡು.”

“ಎರಡೂ ಆಗಲ್ಲ, ದೊಡ್ಡಪ್ಪ.”