ಅಲುಗದ ಕೆಂಪು ಗೆರೆ

ಗೆರೆ ಶುಕ್ರವಾರವೂ ಅಲುಗಿರಲಿಲ್ಲ.

ಪೂರ್ಣಿಮಾ ಗ್ಯಾರೇಜಿನಲ್ಲಿದ್ದ ತನ್ನ ಕಾರಿನ ಅಡಿಗೆ ಮೊಬೈಲ್ ಬೆಳಕು ಹಾಯಿಸಿ ಮತ್ತೊಮ್ಮೆ ನೋಡಿದಳು. ಮುಂದಿನ ಎಡಚಕ್ರದ ಹಿಂದೆ, ಸಸ್ಪೆನ್ಷನ್ ತೋಳನ್ನು ಹಿಡಿದಿದ್ದ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಅವಳು ಶನಿವಾರ ಗುಟ್ಟಾಗಿ ಎಳೆದಿದ್ದ ನೇಲ್ ಪಾಲಿಶ್ ಗೆರೆ. ಬೋಲ್ಟ್ ಎಳ್ಳಷ್ಟು ತಿರುಗಿದ್ದರೂ ಅದು ತುಂಡಾಗಬೇಕಿತ್ತು.

ಅಂಬತ್ತೂರಿನ ಕಾರ್ಖಾನೆಯಲ್ಲಿ ಆರು ವರ್ಷದಿಂದ ಅವಳು ಕ್ವಾಲಿಟಿ ಇನ್‌ಸ್ಪೆಕ್ಟರ್. ಬಿಗಿದ ಪ್ರತಿ ಬೋಲ್ಟಿಗೂ ಅಲ್ಲಿ ಬಣ್ಣದ ಗೆರೆ ಎಳೆಯುತ್ತಾರೆ. ಗೆರೆ ಸುಳ್ಳು ಹೇಳುವುದಿಲ್ಲ. ಮೆಕ್ಯಾನಿಕ್‌ಗಳು ಹೇಳುತ್ತಾರೆ; ಈ ಕಾರಿನ ಹಿಂದಿನ ಮೆಕ್ಯಾನಿಕ್ ಹಳೆಯ ಭಾಗಕ್ಕೇ ಬಣ್ಣ ಬಳಿದು ಹೊಸದೆಂದು ಹಾಕಿಕೊಟ್ಟಿದ್ದ.

"ದಿನಾ ಹೋಗಿ ನೋಡೋಕೆ ನಿನ್ನ ಕಾರೇನು ಐಸಿಯುನಲ್ಲಿದೆಯಾ?" ಎಂದು ಸಹೋದ್ಯೋಗಿ ಜಲಜಾಕ್ಷಿ ಮಧ್ಯಾಹ್ನ ನಕ್ಕಿದ್ದಳು. ಪೂರ್ಣಿಮಾ ನಗಲಿಲ್ಲ. ಕಾರನ್ನು ಬೇರೆ ಗ್ಯಾರೇಜಿಗೆ ಎಳೆದೊಯ್ಯಲು ಆರು ಗಂಟೆಗೆ ಟೋಯಿಂಗ್ ಗಾಡಿಗೆ ಹೇಳಿಬಿಟ್ಟಿದ್ದಳು.

"ಬರ್ರಿ ಮೇಡಂ, ಉಕ್ಕಾರುಂಗೊ." ಗದಗಿನ ಕನ್ನಡಕ್ಕೆ ಚೆನ್ನೈ ತಮಿಳು ಬೆರೆಸಿ ಮೆಕ್ಯಾನಿಕ್ ಶಿವಶರಣ ಸ್ಟೂಲಿನ ಮೇಲೆ ಹೊಸ ಪೇಪರ್ ಹಾಸಿದ. ಅವನ ಎಡಹುಬ್ಬಿನ ಮೇಲೆ ಎಂದಿನಂತೆ ಗ್ರೀಸ್. ಪೇಪರ್ ಹಾಸುವುದು, ಕೇಳದೆಯೇ ಸಕ್ಕರೆ ಕಡಿಮೆಯ ಕಾಫಿ ತರಿಸುವುದು, ಅವಳು ಮಾತಾಡುವಾಗ ಕೈಯ ಸ್ಪ್ಯಾನರ್ ಕೆಳಗಿಡುವುದು, ಎಲ್ಲ ಗಿರಾಕಿಯನ್ನು ಮೆತ್ತಗೆ ಮಾಡುವ ಉಪಾಯವೇ ಇರಬೇಕು. ಕಾರು ಹೋದರೆ ಇನ್ನೊಂದು ಬಂದೀತು. ಮೋಸಗಾರನೊಬ್ಬನ ನಗು ಇಷ್ಟವಾಗಿಬಿಟ್ಟಿದ್ದರೆ ಅದನ್ನು ಯಾರ ಬಳಿ ರಿಪೇರಿ ಮಾಡಿಸುವುದು?

"ಕೂರಲ್ಲ. ಆರು ದಿನದಿಂದ ಆ ಬೋಲ್ಟನ್ನ ನೀವು ಮುಟ್ಟೇ ಇಲ್ಲ."

"ಯಾರ್ ಹೇಳಿದ್ರು?"

"ನನ್ನ ಗೆರೆ."

"ಓ, ಆ ಕೆಂಪು ಗೆರೀನಾ?" ಅವನ ಹುಬ್ಬು ಮೇಲೇರಿತು. "ನೋಡೀನಿ. ಅಳಿಸಬಾರದು ಅಂತ ಅದರ ಮ್ಯಾಲೆ ಸುತ್ತಿಗಿ ತಾಗಿಸಿಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಅವನು ಉದ್ದನೆಯ ಹಿಡಿಯ ಪಾನಾ ತಂದು ಬೋಲ್ಟಿಗೆ ಸಿಕ್ಕಿಸಿ, ಒಂದು ಹೆಜ್ಜೆ ಹಿಂದೆ ನಿಂತ. "ನೀವೇ ಎಳೀರಿ."

ಎರಡೂ ಕೈ ಹಾಕಿ ಎಳೆದಳು. ಬೋಲ್ಟ್ ತಿರುಗಿತು, ಗೆರೆ ತುಂಡಾಯಿತು! ಕೈ ಸಡಿಲಿಸಿದ್ದೇ ತಡ, ಕುಂಯ್ ಎಂದು ನರಳುತ್ತಾ ಅದು ಹಿಂದಕ್ಕೆ ಬಂತು. ಕೆಂಪು ಗೆರೆ ಏನೂ ಆಗದಂತೆ ಮತ್ತೆ ಕೂಡಿಕೊಂಡಿತು.

"ಎರಡು ಸಾವಿರದ ಎರಡರ ಕಾರು. ಹತ್ತು ವರ್ಷ ಸಮುದ್ರದ ಗಾಳಿಗೆ ನಿಂತಿತ್ತು ಅಂತ ನೀವೇ ಹೇಳಿದ್ರಿ. ನಟ್ ಶನಿವಾರನೇ ಕಳಚಿ ಬಂತು. ಆದ್ರ ಬೋಲ್ಟು ಬುಶ್ಶಿನ ಒಳಗಿನ ಕೊಳವಿಗೆ ತುಕ್ಕಾಗಿ ಅಂಟೇತಿ. ಸುತ್ತ ರಬ್ಬರು. ತಿರುವಿದ್ರ ರಬ್ಬರು ತಿರುಚ್ತೈತಿ, ಬಿಟ್ರ ವಾಪಸ್. ಎಣ್ಣಿ ಬಿಟ್ಟೆ, ಆ ಕಡಿಂದ ಬಡದೆ. ಇನ್ನ ಎರಡೂ ಕಡೆ ಕತ್ತರಿಸೋದೊಂದೇ ದಾರಿ."

ಆರು ವರ್ಷದಲ್ಲಿ ಮೊದಲ ಬಾರಿ ಅವಳ ಗೆರೆ ಸುಳ್ಳು ಸಾಕ್ಷಿ ಹೇಳಿತ್ತು. ಕ್ಷಮೆ ಕೇಳಲು ಬಾಯಿ ತೆರೆದವಳ ಕಣ್ಣಿಗೆ ಬೆಂಚಿನ ಮೇಲಿನ ಡಬ್ಬಿ ಬಿತ್ತು.

"ಹೊಸ ಬೋಲ್ಟು, ಬುಶ್ಶು ಯಾವತ್ತು ಬಂದ್ವು?"

"ಅದು... ಇವತ್ತು."

"ಕೊರಿಯರ್ ಚೀಟಿ ಮೇಲೆ ಮಂಗಳವಾರದ ತಾರೀಕಿದೆ."

ಶಿವಶರಣ ಆಗಲೇ ಫಳಫಳಿಸುತ್ತಿದ್ದ ಸ್ಪ್ಯಾನರನ್ನು ಒರೆಸತೊಡಗಿದ.

"ಮಂಗಳವಾರವೇ ಕತ್ತರಿಸಬಹುದಿತ್ತು, ಅಲ್ವಾ?"

"ಹೌದ್ರಿ."

"ಮತ್ತೆ?"

"ಹನ್ನೆರಡು ನಿಮಿಷದ ಕೆಲಸ." ಅವನು ತಲೆ ಎತ್ತಲಿಲ್ಲ. "ಮಾಡಿದ್ರ ಬುಧವಾರ ನೀವು ಬರ್ತಿದ್ದಿಲ್ಲ."

ಹೊರಗೆ ಲಾರಿಯೊಂದು ಹಾದುಹೋಯಿತು. ಅವಳ ಅನುಮಾನ ಅಕ್ಷರಶಃ ನಿಜವಾಗಿತ್ತು: ಅವನು ಬೇಕೆಂದೇ ತಡಮಾಡಿದ್ದ. ಕಾರಣವೊಂದನ್ನೇ ಅವಳು ಊಹಿಸಿರಲಿಲ್ಲ. ಅಷ್ಟರಲ್ಲಿ ಫೋನ್ ರಿಂಗಾಯಿತು.

"ಅಣ್ಣಾ, ವಂಡಿ ವೇಂಡಾಂ," ಎಂದು ಟೋಯಿಂಗ್‌ನವನಿಗೆ ಗಾಡಿ ಬೇಡವೆಂದು ಹೇಳಿ, ಸ್ಟೂಲಿನ ಪೇಪರ್ ಮೇಲೆ ಕೂತಳು. "ಕತ್ತರಿಸಿ. ಟೈಮ್ ನೋಡ್ತೀನಿ."

ಕಿಡಿಗಳು ಹಾರಿದವು. ತುಕ್ಕಿನ ತುಂಡೆರಡು ಟಣ್ಣೆಂದು ನೆಲಕ್ಕುರುಳಿದವು. ಹದಿನಾಲ್ಕು ನಿಮಿಷ, ಎರಡು ಬಾರಿ ಅವನು ಅವಳ ಕಡೆ ನೋಡಿದ್ದಕ್ಕೆ ಎರಡು ನಿಮಿಷ ಹೆಚ್ಚು.

ಹೊಸ ಬುಶ್ ಕೂತು, ಹೊಸ ಬೋಲ್ಟ್ ಬಿಗಿಯಾದ ಮೇಲೆ ಅವಳೇ ಬಗ್ಗಿ ಕೆಂಪು ಗೆರೆ ಎಳೆದಳು. ಈ ಸಲ ಅವನೆದುರಿಗೇ.

"ಅರವತ್ತು ಕಿಲೋಮೀಟರ್ ಓಡಿಸಿ ಒಮ್ಮೆ ಚೆಕ್ ಮಾಡಿಸ್ಬೇಕ್ರಿ," ಎಂದ. "ಮ್ಯಾನುಯಲ್‌ನಾಗೈತಿ."

"ಮ್ಯಾನುಯಲ್ ಓದಿದ್ದೀನಿ. ಹಾಗೇನಿಲ್ಲ."

"ಹಂಗಾದ್ರ ಸುಳ್ಳು," ಎಂದು ಒಪ್ಪಿಕೊಂಡ. ಈಗ ನೇರವಾಗಿ ಅವಳ ಕಣ್ಣನ್ನೇ ನೋಡುತ್ತಿದ್ದ.

ಪೂರ್ಣಿಮಾ ಪಾಲಿಶ್ ಬಾಟಲಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿದಳು. "ಭಾನುವಾರ ಬೆಳಿಗ್ಗೆ ಏಳಕ್ಕೆ ಓಡಿಸ್ತೀನಿ. ಚೆಕ್ ಮಾಡೋನು ಪಕ್ಕದ ಸೀಟಲ್ಲಿರಬೇಕು."

"ಎಲ್ಲಿಗೆ? ಬೀಚಿಗಾ?"

"ಬೇಡ," ಎಂದಳು, ಅವನ ಹುಬ್ಬಿನ ಗ್ರೀಸನ್ನು ತನ್ನ ಕರವಸ್ತ್ರದಿಂದ ಒರೆಸುತ್ತಾ. "ಉಪ್ಪುಗಾಳಿ. ಇದಕ್ಕೆ ತುಕ್ಕು ಹಿಡಿಯೋದು ನನಗಿಷ್ಟ ಇಲ್ಲ."