ಹಿಂದಿನ ಕೋಣೆಯ ಗಿಲಾವು

“ಹಿಂದಿನ ಕೋಣಿ ಗ್ವಾಡಿ ಒಡಿಬ್ಯಾಡ್ರಿ. ಆ ಕೋಣ್ಯಾಗ ಕ್ಷೌರದ ಕತ್ತಿ ಅಂತೂ ತರಲೇಬ್ಯಾಡ್ರಿ,” ಎಂದಳು ಪಕ್ಕದ ಮನೆಯ ಮುದುಕಿ, ಧಾರವಾಡ ತವರಿನ ರಂಗೂಬಾಯಿ.

ಧಾರವಾಡದಿಂದ ಪುಣೆಗೆ ವರ್ಗವಾಗಿ, ಕಸಬಾ ಪೇಠೆಯ ಆ ಹಳೆಯ ವಾಡೆಗೆ ಬಂದಿಳಿದಿದ್ದ ಬಿಂದುಮಾಧವ ಕಾರಣ ಕೇಳಿದ. ಮೂವತ್ತು ವರ್ಷದ ಹಿಂದೆ ಆ ಮನೆಯ ಸೊಸೆ ವಸಂತಿ ಹದಿನಾರಕ್ಕೇ ವಿಧವೆಯಾದಳಂತೆ. ಅದೇ ಕೋಣೆಯಲ್ಲಿ ಅವಳ ತಲೆ ಬೋಳಿಸಿದರಂತೆ. ಆ ಕೂದಲನ್ನು ಅವಳು ಹೊಳೆಯಾಚೆಯ ಮಾಟಗಾರನಿಂದ ಮಂತ್ರ ಹಾಕಿಸಿ ತಂದು, ಗೋಡೆಯೊಳಗಿಟ್ಟು ಮಣ್ಣು ಮೆತ್ತಿ, ಬಾವಿಗೆ ಹಾರಿದಳಂತೆ. ಅವಳ ತಲೆ ಹಿಡಿದಿದ್ದ ಮಾವ ಹನ್ನೆರಡನೆಯ ದಿನ ಗಂಟಲಲ್ಲಿ ಕೂದಲು ಸಿಕ್ಕಿ ಸತ್ತನಂತೆ.

“ಕೂದಲಕ್ಕ ಸಾಯೂದಾದ್ರ ಊರಾಗ ಒಬ್ಬ ಹಜಾಮನೂ ಉಳೀತಿರಲಿಲ್ಲ ಬಿಡ್ರಿ, ಅಜ್ಜಿ,” ಎಂದು ಬಿಂದುಮಾಧವ ನಕ್ಕ.

ಅವನು ಓದಿದವನು, ಇಂಜಿನಿಯರರ ಕಚೇರಿಯಲ್ಲಿ ನಕ್ಷೆ ಬರೆಯುವವನು. ಮಾಟ, ತಾಯಿತ ಎಂದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದ. ಆದರೆ ಎರಡು ವರ್ಷದ ಹಿಂದೆ ತಮ್ಮ ಬಾಳಕೃಷ್ಣ ಪ್ಲೇಗಿನಲ್ಲಿ ತೀರಿಕೊಂಡಾಗ, ತಮ್ಮನ ಹೆಂಡತಿ ಭಾಮಾಳಿಗೆ ಕ್ಷೌರಿಕನನ್ನು ಕರೆಸಿದವನು ಇವನೇ. ಒದ್ದಾಡುತ್ತಿದ್ದ ಹದಿನೇಳರ ಹುಡುಗಿಯ ತಲೆಯನ್ನು ಒತ್ತಿ ಹಿಡಿದವನೂ ಇವನೇ. ದೆವ್ವಕ್ಕೆ ಹೆದರದ ಶೂರ ಓಣಿಯ ನಾಲ್ಕು ಬಾಯಿಗೆ ಹೆದರಿದ್ದ. ಇಂಥವರ ಜಾಣತನಕ್ಕೆ ಏನೆನ್ನಬೇಕೋ ನನಗಂತೂ ತಿಳಿಯದು.

ವಾಡೆಯಲ್ಲಿ ಗಾಳಿ ಬೆಳಕು ಸಾಲದೆಂದು ರಿಪೇರಿ ಶುರುವಾಯಿತು. ಹಿಂದಿನ ಕೋಣೆಗೆ ಕಿಟಕಿ ಕೂರಿಸಲು ಗೌಂಡಿ ಮಹಾಲಿಂಗ ಗೋಡೆ ಒಡೆದ. ಮೂರನೆಯ ಪೆಟ್ಟಿಗೆ ಮಣ್ಣಿನ ಕುಡಿಕೆಯೊಂದು ಉರುಳಿತು. ಅದರಲ್ಲಿ ಮಾರುದ್ದದ ಜಡೆ. ಇನ್ನೂ ಎಣ್ಣೆ ಹೊಳೆಯುತ್ತಿತ್ತು. ಸೀಗೆಕಾಯಿಯ ವಾಸನೆ, ಅದರ ಹಿಂದೆಯೇ ಪಾಚಿಗಟ್ಟಿದ ಬಾವಿಯ ವಾಸನೆ. ಮಹಾಲಿಂಗ ಕೈಯಲ್ಲಿದ್ದ ಹಾರೆಯನ್ನು ಅಲ್ಲೇ ಬಿಟ್ಟ. ಜಡೆಯನ್ನು ಹೊಳೆಗೆ ಬಿಟ್ಟುಬರುವೆನೆಂದು ಬೇಡಿಕೊಂಡ.

ಗೋಡೆಗೆ ಬಳಿದ ಗಿಲಾವು ಬಿರಿಯದಿರಲು ಸುಣ್ಣಕ್ಕೆ ನಾರು ಬೆರೆಸುತ್ತಾರಲ್ಲ, ಇದೇ ಆದೀತು ಎಂದ ಬಿಂದುಮಾಧವ. ತಾನೇ ಜಡೆಯನ್ನು ಸಣ್ಣಗೆ ಕತ್ತರಿಸಿ ಕಲಸಿದ. ಮಹಾಲಿಂಗ ಮರುದಿನ ಬರಲಿಲ್ಲ. ಇವನೇ ತೋಳೇರಿಸಿ ಗೋಡೆಗೆಲ್ಲ ಮೆತ್ತಿದ. ಒಣಗಿದ ಮೇಲೆ ಬಿಳಿ ಗಿಲಾವಿನಲ್ಲಿ ಸಣ್ಣ ಕಪ್ಪು ಎಳೆಗಳು ಕಂಡವು. ಒರೆಸಿದ. ಬೆಳಗಾಗುವಷ್ಟರಲ್ಲಿ ಅವು ಮತ್ತೆ ಮೂಡಿದ್ದವು, ಮೊದಲಿಗಿಂತ ಉದ್ದವಾಗಿ. ಸುಣ್ಣವೇ ಸರಿಯಿಲ್ಲ ಎಂದುಕೊಂಡ.

ಮನೆ ಬದಲಿಸುವ ಗಡಿಬಿಡಿಯಲ್ಲಿ ಎರಡು ತಿಂಗಳು ಕ್ಷೌರಿಕ ಬಂದಿರಲಿಲ್ಲ. ಭಾಮಾ ಉಟ್ಟಿದ್ದ ವಿಧವೆಯ ಕೆಂಪು ಸೀರೆಯ ಸೆರಗಿನಡಿ ಎರಡು ಬೆರಳು ಕೂದಲು ಬೆಳೆದಿತ್ತು. ಇದನ್ನು ಹೀಗೇ ಬಿಡಬೇಕು, ತನ್ನನ್ನು ವಿಧವೆಯರ ಶಾಲೆಗೆ ಕಳಿಸಬೇಕು ಎಂದು ಅವಳು ಬಿಂದುಮಾಧವನ ಹೆಂಡತಿ ಇಂದೂಳ ಮೂಲಕ ಕೇಳಿಸಿದಳು. ಊರಲ್ಲಿ ಹೇಗೆ ಮುಖ ತೋರಿಸಲಿ ಎಂದು ಅವನು ಮರುದಿನ ಮಧ್ಯಾಹ್ನಕ್ಕೇ ಕ್ಷೌರಿಕನಿಗೆ ಹೇಳಿಕಳಿಸಿದ.

ಓಣಿಗೆ ಕಾಣಬಾರದೆಂದು ಭಾಮಾಳನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ, ಹೊಸ ಕಿಟಕಿಯನ್ನು ಅವನೇ ಮುಚ್ಚಿದ. ಕೋಣೆ ಕತ್ತಲಾಯಿತು. ಭಾಮಾಳ ಅಳು ಕೇಳಲಾರದೆ ಇಂದೂ ದೇವರ ಮನೆಯ ಬಾಗಿಲು ಹಾಕಿಕೊಂಡು, ಕಿವಿ ಮುಚ್ಚಿ ಕೂತಳು.

ಭಾಮಾ ತಲೆ ಬಗ್ಗಿಸಲಿಲ್ಲ. ಬಿಂದುಮಾಧವ ಒಂದು ಕೈಯಿಂದ ಅವಳ ಕುತ್ತಿಗೆ ಒತ್ತಿದ. ಇನ್ನೊಂದು ಕೈಯನ್ನು ಗೋಡೆಗೆ ಆನಿಸಿದ.

ಬೆರಳಿಗೆ ಏನೋ ಸುತ್ತಿತು.

ಎಳೆದ. ಬಿಡಲಿಲ್ಲ. ಮಣಿಕಟ್ಟಿಗೆ ಬಂತು. ಗಿಲಾವು ಸರಸರ ಸದ್ದು ಮಾಡಿತು. ಗೋಡೆಯ ತುಂಬ ಕೂದಲು. ಒದ್ದೆ ಕೂದಲು. ಸೀಗೆಕಾಯಿ, ಪಾಚಿ. ಕ್ಷೌರಿಕ ಕತ್ತಿ ಎಸೆದು ಓಡಿದ. ಕೂದಲು ತೋಳಿಗೇರಿತು. ಕೊರಳಿಗೆ ಬಂತು. ಬಿಗಿಯಿತು.

“ಭಾಮಾ... ಕತ್ತರಿಸು. ಇಂದೂನ ಕರಿ.”

ಭಾಮಾ ಕತ್ತಿ ಎತ್ತಿಕೊಂಡಳು. ಒಂದೇ ಏಟಿಗೆ ಬಿಡಿಸಬಹುದಿತ್ತು, ಅದು ಅವಳಿಗೂ ಗೊತ್ತಿತ್ತು.

“ಅವತ್ತ ನಾನೂ ಬ್ಯಾಡ ಅಂದಿದ್ದೆ, ಭಾವಾ,” ಎಂದಳು. “ನೀವು ಇನ್ನೂ ಬಿಗಿಯಾಗಿ ಹಿಡದ್ರಿ.”

ಕತ್ತಿಯನ್ನು ನೆಲಕ್ಕಿಟ್ಟಳು. ಅವನು ತಪ್ಪಾಯಿತು ಎನ್ನಲು ಬಾಯಿ ತೆರೆದ. ಕೂದಲು ಒಳಗೆ ಹೋಯಿತು.

ಜನ ಬಂದು ನೋಡಿದಾಗ ಗೋಡೆಯ ಮೇಲೆ ಒಂದೆಳೆಯೂ ಇರಲಿಲ್ಲ. ಅವನ ಬಾಯಿಂದ ಜಡೆಯನ್ನು ಎಳೆದು ತೆಗೆಯುವುದರಲ್ಲಿ ಡಾಕ್ಟರರ ಕೈ ಸೋತಿತು. ಇಂದೂ ಭಾಮಾಳನ್ನು ಏನೂ ಕೇಳಲಿಲ್ಲ. ಅವಳೊಡನೆ ಮಾತೂ ಆಡಲಿಲ್ಲ.

ಹತ್ತನೆಯ ದಿನ ಧಾರವಾಡದ ಹಿರಿಯರು ನಾಲ್ವರು ಕ್ಷೌರಿಕನನ್ನು ಮುಂದಿಟ್ಟುಕೊಂಡು ಬಂದರು. ಶಾಸ್ತ್ರ ಶಾಸ್ತ್ರವೇ, ಇಂದೂಳ ತಲೆ ಬೋಳಿಸಲೇಬೇಕು ಎಂದರು. ಸೊಂಟದುದ್ದದ ಕೂದಲನ್ನು ಎದೆಗವಚಿಕೊಂಡು ಇಂದೂ ಮೊದಲ ಸಲ ಭಾಮಾಳ ಬೆನ್ನ ಹಿಂದೆ ಬಂದು ನಿಂತಳು.

ಭಾಮಾ ಸೆರಗು ಹೊದೆಯದ ತಲೆಯಲ್ಲೇ ಹೋಗಿ ಹಿಂದಿನ ಕೋಣೆಯ ಬಾಗಿಲು ಪೂರ್ತಿ ತೆರೆದಳು. ಒಳಗಿನಿಂದ ಸೀಗೆಕಾಯಿಯ ವಾಸನೆ ಬಂತು.

“ಬರ್ರಿ,” ಎಂದಳು. “ಕ್ಷೌರದವ ಆಮ್ಯಾಲ ಬರಲಿ. ತಲಿ ಹಿಡಿಯವ್ರು ಯಾರು, ಅವ್ರು ಮೊದಲ ಬರ್ರಿ.”