ಖಾಲಿ ಹಾಳೆಗೆ ಹಾಕಿದ ಸಹಿ

ಕುಮಾರಿ ತಲೆಪಿನ್ನಿನ ತುದಿಯಿಂದ ಕೀಬೋರ್ಡಿನ ಸಂದಿಯಲ್ಲಿ ಸಿಕ್ಕಿದ್ದ ಚೆಂಡುಹೂವಿನ ಎಸಳುಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಆಯುಧಪೂಜೆ ಕಳೆದು ಮೂರು ದಿನವಾಗಿತ್ತು. ಕಂಪ್ಯೂಟರಿನೊಳಗಿಂದ ಮಾತ್ರ ಟಿಕ್... ಟಿಕ್... ಎಂಬ ಸದ್ದು ನಿಂತಿರಲಿಲ್ಲ.

"ಇದನ್ನ ಎತ್ತಿದ್ದು ಯಾರು?"

ತಿರುಗಿ ನೋಡಿದಳು. ಚಾಮರಾಜನಗರದ ಅಂಗಡಿಯಿಂದ ರಿಪೇರಿಗೆ ಬಂದಿದ್ದ ಶಾಂತರಾಜು, ಯಂತ್ರದ ಅಡಿಯಿಂದ ಅಪ್ಪಚ್ಚಿಯಾದ ನಿಂಬೆಹಣ್ಣೊಂದನ್ನು ಎರಡು ಬೆರಳಲ್ಲಿ ಎಳೆದು ಹಿಡಿದಿದ್ದ.

"ಓಡ್ತಿರುವಾಗ್ಲೇ ಎತ್ತಿ ಕುಕ್ಕಿದ್ದೀರಿ. ನಿಮಗೆ ಕೆಲಸ ಕಲಿಸಿದೋರು ಇಷ್ಟೂ ಹೇಳ್ಲಿಲ್ವ?"

ಅವಳ ಮೈ ಉರಿದುಹೋಯಿತು.

"ಎತ್ತಿದ್ದು ನಾನಲ್ಲ. ಕಂಪ್ಯೂಟರಿನ ದೀಪ ಉರೀತಿದ್ರೇನೇ ಮಂಗಳಾರತಿಗೆ ಶೋಭೆ ಅಂತ ನಮ್ಮ ಓನರ್ರು ಹಂಗೇ ಎತ್ಕಂಡು ಪಟದ ಮುಂದೆ ಕುಕ್ಕುದ್ರು. ಬ್ಯಾಡಿ ಅಂದೆ. 'ಸುಮ್ನಿರಮ್ಮಿ, ದೇವ್ರ ಕೆಲ್ಸ' ಅಂದ್ರು. ತಿಳೀದೆ ಬಾಯಿಗೆ ಬಂದಂಗೆ ಅನ್ಬೇಡಿ."

ಶಾಂತರಾಜು ನಿಂಬೆಹಣ್ಣನ್ನು ಮೆಲ್ಲಗೆ ಕೆಳಗಿಟ್ಟ. "ತಪ್ಪಾಯ್ತು" ಅಂದ.

ಗಂಡಸೊಬ್ಬ ತಪ್ಪಾಯ್ತು ಅಂದದ್ದನ್ನು ಅವಳು ಆ ಕೋಣೆಯಲ್ಲಿ ಕೇಳಿದ್ದು ಅದೇ ಮೊದಲು.

1997ರ ಮಾತು ಇದು. ಗುಂಡ್ಲುಪೇಟೆಯಲ್ಲಿ ಗುರುಮಲ್ಲಯ್ಯನವರ ಕಂಪ್ಯೂಟರ್ ಸೆಂಟರಿನಲ್ಲಿ ಬೇಗೂರಿನ ಕುಮಾರಿ ಟೈಪು ಮಾಡುತ್ತಿದ್ದಳು. ಅವಳದೇ ಊರಿನ ಮಹಿಳಾ ಸಂಘದ ಒಂಬೈನೂರು ಕೂಲಿ ಹೆಣ್ಣುಮಕ್ಕಳು ಮನೆ ನಿವೇಶನಕ್ಕೆ ಅರ್ಜಿ ಹಾಕಿದ್ದರು. ಅವರ ಪಟ್ಟಿಯೆಲ್ಲ ಇದ್ದದ್ದು ಆ ಕಂಪ್ಯೂಟರಿನೊಳಗಿನ ಡಿಸ್ಕಿನಲ್ಲಿ.

ಶಾಂತರಾಜು ಡಿಸ್ಕನ್ನು ತಪಾಸಣೆಗೆ ಹಾಕಿದ. ಪರದೆಯ ತುಂಬ ಸಣ್ಣ ಸಣ್ಣ ಚೌಕಗಳು. ಅವುಗಳ ನಡುವೆ ಎಂಟು ಕಡೆ 'ಬಿ' ಅಕ್ಷರ ಮೂಡಿತು.

"'ಬಿ' ಅಂದ್ರೆ ಬ್ಯಾಡ್, ಕೆಟ್ಟೋಗಿರೋ ಜಾಗ. ಈ ಎಂಟೂ ಸತ್ತೋಗವೆ. ಗುರುತು ಹಾಕುದ್ರೆ ಕಂಪ್ಯೂಟರು ಅವನ್ನ ಬುಟ್ಟು ಬೇರೆ ಕಡೆ ಬರೀತದೆ. ಆಮೇಲೆ ಮತ್ತೆ ನೋಡುದ್ರೆ 'ಎಲ್ಲಾ ಸರಿಯಾಗಿದೆ' ಅಂತ ತೋರಿಸ್ತದೆ. ಅದನ್ನ ನಂಬಬೇಡಿ. ಎಂಟು ಎಂಟೇ ಆಗಿ ನಿಂತ್ರೆ ಪರವಾಗಿಲ್ಲ. ಬೆಳೀತಾ ಹೋದ್ರೆ ಡಿಸ್ಕು ಸಾಯ್ತಾ ಅದೆ ಅಂತ."

"ಅದಕ್ಕೆ ಬಾಯಿಲ್ವಲ್ಲ, ನಮಗೆ ಹೆಂಗೆ ಗೊತ್ತಾಯ್ತದೆ?"

"ಈಗ ಬರೋ ಹೊಸವು ಆನ್ ಮಾಡ್ತಿದ್ದಂಗೆ 'ನಂಗೆ ಉಷಾರಿಲ್ಲ, ಬದಲಾಯಿಸಿ' ಅಂತ ತಾವೇ ಪರದೆ ಮೇಲೆ ಬರೀತವೆ. ಇದು ಹಳೇದು. ನಾವೇ ನಾಡಿ ಹಿಡಿದು ನೋಡ್ಬೇಕು."

ಸೋಮವಾರ ಸೋಮವಾರ ಅವಳು ನಾಡಿ ಹಿಡಿದಳು. ಎಂಟು. ಹನ್ನೊಂದು. ಇಪ್ಪತ್ತಾರು. ಶಾಂತರಾಜು ಬಸ್ಸಿಳಿದು ಬರುವಷ್ಟರಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರುತ್ತಿದ್ದಳು. ಆ ಲೆಕ್ಕ ಏರಿದಷ್ಟೂ ಅವಳಿಗೆ ಹೆದರಿಕೆ. ಆದರೆ ಲೆಕ್ಕ ನೋಡಲು ಅವನು ಬರುತ್ತಾನಲ್ಲ... ಆ ಸಂತೋಷಕ್ಕೆ ಅವಳಿಗೇ ನಾಚಿಕೆಯಾಗುತ್ತಿತ್ತು.

"ಡಿಸ್ಕು ಬದಲಾಯಿಸಿ ಸಾರ್. ಇಲ್ಲಾಂದ್ರೆ ಪಟ್ಟಿ ನಕಲು ಮಾಡಿಡೋಕೆ ಒಂದು ಬಾಕ್ಸ್ ಫ್ಲಾಪಿನಾದ್ರೂ ತರ್ಸಿ" ಎಂದು ಇಬ್ಬರೂ ಎಷ್ಟು ಸಲ ಬೇಡಿದರೋ. ಗುರುಮಲ್ಲಯ್ಯ ವೀಳ್ಯದೆಲೆ ಮಡಿಸುತ್ತ, "ಓಡ್ತಾ ಅದಲ್ಲ, ಓಡ್ಲಿ ಬುಡ್ರಪ್ಪ" ಅಂದರು.

ಡಿಸೆಂಬರಿನ ಒಂದು ಬೆಳಿಗ್ಗೆ ಅದು ಓಡಲಿಲ್ಲ. ಒಂಬೈನೂರು ಹೆಸರೂ ಅದರ ಜೊತೆಗೇ ಹೋದವು.

ಸಂಘದ ಅಧ್ಯಕ್ಷೆ ಪುಟ್ಟಸಿದ್ದಮ್ಮ ಹತ್ತು ಹೆಂಗಸರ ಜೊತೆ ಬಂದಾಗ ಗುರುಮಲ್ಲಯ್ಯ ರಿಪೇರಿ ವರದಿಯ ಒಂದು ಹಾಳೆ ಹಿಡಿದು ನಿಂತಿದ್ದರು. 'ಕೆಟ್ಟ ಕಾರಣ: ಆಪರೇಟರ್‌ನ ಅಜಾಗರೂಕತೆ.' ಕೆಳಗೆ ಶಾಂತರಾಜುವಿನ ಸಹಿ.

"ನಾನೇಳ್ತಿಲ್ಲ ಕಣಮ್ಮ, ಇಂಜಿನಿಯರೇ ಬರ್ದವ್ರೆ."

ಪುಟ್ಟಸಿದ್ದಮ್ಮ ಬೈಯಲಿಲ್ಲ. "ನಮ್ಮೂರ ಎಣ್ಣು ಅಂತ ನಿನ್ನ ಕೈಗೆ ಕೊಟ್ಟಿದ್ದೋ ಕಣಮ್ಮಿ. ಮೂರು ತಿಂಗ್ಳು ಕೂಲಿ ಬುಟ್ಟು ಮನೆಮನೆ ತಿರುಗಿ ಬರುಸ್ಕಂಡು ಬಂದಿದ್ದೋ" ಎಂದಷ್ಟೇ ಹೇಳಿ ಹೊರಟರು. ಬೈದಿದ್ದರೆ ವಾಸಿಯಿತ್ತು. ಮರುದಿನದಿಂದ ಕೆಲಸವೂ ಇಲ್ಲ. ಬೇಗೂರಿನ ನಲ್ಲಿಯ ಹತ್ತಿರ ಅವಳು ಬಿಂದಿಗೆ ಹಿಡಿದು ಬಂದರೆ ಮಾತು ನಿಲ್ಲುತ್ತಿತ್ತು.

'ಎತ್ತಿ ಕುಕ್ಕಿದವನು ಕುರ್ಚಿಯಲ್ಲಿ ಕೂತಿದ್ದಾನೆ. ಬೇಡ ಅಂದವಳು ಕಳ್ಳಿಯ ಹಾಗೆ ತಲೆ ತಗ್ಗಿಸಬೇಕು. ಇದ್ಯಾವ ನ್ಯಾಯ? ಶಾಂತರಾಜುವೂ ಅವರ ಜೊತೆ ಸೇರಿಕೊಂಡನಲ್ಲ...'

ಮೂರು ವಾರ ತಡೆದಳು. ನಾಲ್ಕನೆಯ ಸೋಮವಾರ ಚಾಮರಾಜನಗರದ ಬಸ್ಸು ಹತ್ತಿ ನೇರ ಅವನ ಅಂಗಡಿಗೆ ಹೋದಳು.

"ಬರೀವಾಗ ಕೈ ನಡುಗ್ಲಿಲ್ವ?"

ಅವಳನ್ನು ಕಂಡು ಶಾಂತರಾಜುವಿನ ಮುಖ ಬಿಳಿಚಿತು. ಆಚೆಗೆ ಕರೆದುಕೊಂಡು ಬಂದ.

"ಅದನ್ನ ನಾನು ಬರೀಲಿಲ್ಲ ಕುಮಾರಿ. ಸಹಿ ಮಾತ್ರ ನಂದು. ತಿಂಗಳ ಮೊದಲಲ್ಲೇ ಹತ್ತು ಖಾಲಿ ವರದಿ ಹಾಳೆಗೆ ಸಹಿ ಹಾಕಿ ಗಿರಾಕಿಗಳ ಹತ್ರ ಬುಟ್ಟು ಬರೋದು ನಮ್ಮ ಅಂಗಡಿ ಪದ್ಧತಿ. ರಿಪೇರಿ ಆದಾಗೆಲ್ಲ ಅವರೇ ತುಂಬ್ಕೋತಾರೆ. ನಿಮ್ಮ ಓನರ್ರು ಹಿಂಗೆ ತುಂಬವ್ರೆ."

"ಅದು ಗೊತ್ತಾಗಿ ಎಷ್ಟು ದಿನ ಆಯ್ತು?"

ಅವನು ಬ್ಯಾಗಿನಿಂದ ಮಡಿಕೆಗಳೆಲ್ಲ ಸವೆದ ಲಕೋಟೆಯೊಂದನ್ನು ತೆಗೆದ. ಮೇಲೆ ಪುಟ್ಟಸಿದ್ದಮ್ಮನವರ ವಿಳಾಸ. ಆಯುಧಪೂಜೆಯ ದಿನ ಯಂತ್ರ ಎತ್ತಿದ್ದು ಯಾರು, 'ಬಿ'ಗಳು ಹೇಗೆ ಬೆಳೆದವು, ಅವಳು ಎಷ್ಟು ಸಲ ಎಚ್ಚರಿಸಿದಳು, ಖಾಲಿ ಹಾಳೆಗೆ ತಾನು ಸಹಿ ಹಾಕಿದ್ದು... ಎಲ್ಲ ಬರೆದಿದ್ದ. ತಾರೀಕು ಇಪ್ಪತ್ತು ದಿನ ಹಿಂದಿನದು.

"ಕಳಿಸಿದ್ರೆ ಖಾಲಿ ಹಾಳೆ ಸಂಗತಿ ಬಯಲಾಗಿ ನನ್ನ ಕೆಲಸ ಹೋಗ್ತದೆ. ದಿನಾ ಪೋಸ್ಟಾಫೀಸಿನ ಬಾಗಿಲತನಕ ಹೋಗಿ ವಾಪಸ್ ಬಂದೆ."

"ನಂದು ಹೋಗಿ ಮೂರು ವಾರ ಆಯ್ತು. ಕೆಲಸ ಬುಡಿ, ಹೆಸರೇ ಹೋಯ್ತು. ನಿಮ್ಮ ಹೆದರಿಕೆಗೆ ನಾನ್ಯಾಕೆ ತೆರಬೇಕು?" ಅವಳ ದನಿ ಏರಲಿಲ್ಲ, ಆದರೆ ಕಣ್ಣು ತುಂಬಿತು. "ಬೇರೆ ಯಾರಾದ್ರೂ ಆಗಿದ್ರೆ ಇಷ್ಟು ಉರೀತಿರ್ಲಿಲ್ಲ."

ಆ ಮಾತು ಅವನಿಗೆ ನಾಟಿತು.

"ಕೊಡ್ಲಾ? ನೀವೇ ಊರಿಗೆ ತಗೊಂಡು ಹೋಗ್ತೀರಾ?"

"ನಾನು ತಗಂಡೋದ್ರೆ ನಾನೇ ಬರುಸ್ಕಂಡು ಬಂದೆ ಅಂತಾರೆ. ನೀವೇ ರಿಜಿಸ್ಟರ್ ಮಾಡಿ."

ಇಬ್ಬರೂ ಪೋಸ್ಟಾಫೀಸಿಗೆ ನಡೆದರು. ಕೌಂಟರಿನ ಮುಂದೆ ಮೂರು ಜನ. ಸಾಲಿನಲ್ಲಿ ನಿಂತು ಶಾಂತರಾಜು ತಿರುಗಿ ನೋಡದೆಯೇ ಹೇಳಿದ: "ಕುಮಾರಿ... ಸೋಮವಾರ ಬಂದ್ರೆ ಬಸ್ಸಲ್ಲಿ ಕೂತು ಲೆಕ್ಕ ಏರದೆ ನಿಂತಿರ್ಲಿ ಅಂತ ಬೇಡ್ಕೋತಿದ್ದೆ. ಆದ್ರೆ ನಿಂತೋದ್ರೆ ನಿಮ್ಮನ್ನ ನೋಡೋಕೆ ನೆಪ ಇರಲ್ಲ ಅಂತ ಸಂಕಟ. ನಾಳೆ ನಂಗೆ ಕೆಲಸ ಇರಲ್ಲ. ಆದ್ರೂ ನಿಮ್ಮ ಮನೇಗೆ ಬಂದು ಹೆಣ್ಣು ಕೇಳಬಹುದಾ?"

"ಮೊದ್ಲು ಅದನ್ನ ಕೊಡಿ."

"ಕೊಟ್ಟ ಮೇಲೆ?"

"ಸ್ವೀಕೃತಿ ಚೀಟಿ ಪುಟ್ಟಸಿದ್ದಮ್ಮನ ಸಹಿ ಬಿದ್ದು ವಾಪಸ್ ಬರ್ಲಿ. ಅದನ್ನ ಹಿಡ್ಕಂಡು ಬನ್ನಿ, ಅವ್ವನಿಗೆ ಹೇಳಿರ್ತೀನಿ." ಮೆಲ್ಲಗೆ ಸೇರಿಸಿದಳು: "ಕೆಲಸ ಇಬ್ಬರೂ ಹುಡುಕ್ಕೊಳ್ಳನ."

ಅವನ ಸರದಿ ಬಂತು. ಲಕೋಟೆಯನ್ನು ಕಿಂಡಿಯೊಳಗೆ ಚಾಚಿದ. ಗುಮಾಸ್ತ ತೂಕ ನೋಡಿ, ಅಂಚೆಚೀಟಿಯ ಮೇಲೆ ಮುದ್ರೆ ಒತ್ತಿ, ಬೇಗೂರಿನ ಟಪಾಲು ಕಟ್ಟಿನೊಳಗೆ ಎಸೆದ.